ಕಡಿಮೆ ಕಂತಿನ ಪಾಲಿಸಿ ಬಂದಿದ್ದರೆ ಹಳೆಯ ಗ್ರಾಹಕರಿಗೆ ಹೇಳಬೇಕಲ್ಲವೇ?



ನಿಮ್ಮ ಮನೆಯ ಬೀರುವಿನಲ್ಲೋ ಟ್ರಂಕಿನ ತಳದಲ್ಲೋ ಕಾಗದಪತ್ರ ಇಟ್ಟಿರುವ ಪ್ಲಾಸ್ಟಿಕ್ ಕವರೊಂದು ಇದ್ದೇ ಇರುತ್ತದೆ. ಬಿಡುವಾದಾಗ ಅದನ್ನು ಹೊರಗೆ ತೆಗೆದು ನೋಡಿ. ಹಸುವಿನ ವಿಮಾ ಪತ್ರ, ಯಜಮಾನರ ಹೆಸರಿನ ಜೀವವಿಮೆ ಬಾಂಡು, ಮಗಳ ಮದುವೆಗೆಂದು ಮಾಡಿಸಿದ ಇನ್ನೊಂದು ಬಾಂಡು, ಹಾಲಿನ ಕ್ಯಾನು ಹೇರುವ ಮೊಪೆಡ್ಡಿನ ವಿಮೆ, ಕೆಲವರ ಮನೆಯಲ್ಲಿ ಆಸ್ಪತ್ರೆ ಖರ್ಚಿನ ಪಾಲಿಸಿ. ಪಾಸ್‌ಬುಕ್ ಬಿಡಿಸಿದರೆ ಬ್ಯಾಂಕಿನವರು ತಾವಾಗಿಯೇ ಕಡಿತ ಮಾಡಿಕೊಂಡ ಒಂದೆರಡು ವಿಮೆಯ ಹಣವೂ ಕಾಣುತ್ತದೆ. ಬಟವಾಡೆಯ ಹಣದಲ್ಲಿ ಮೊದಲು ಹಿಂಡಿ-ಬೂಸಾದ ಬಾಕಿ, ಆಮೇಲೆ ಸಂಘದ ಸಾಲದ ಕಂತು, ಆಮೇಲೆ ಈ ವಿಮೆಗಳು. ಎಲ್ಲವನ್ನೂ ಕೂಡಿದರೆ ವರ್ಷಕ್ಕೆ ಎಷ್ಟಾಗುತ್ತದೆ ಎಂದು ಕೂತು ಲೆಕ್ಕ ಹಾಕಿದವರು ನಮ್ಮಲ್ಲಿ ಕಡಿಮೆ.

ವಿಮೆ ಬೇಕು. ಅದರಲ್ಲಿ ಎರಡು ಮಾತಿಲ್ಲ. ಕೆಚ್ಚಲು ಬಾವು ಹಾಲು ನಿಲ್ಲಿಸುತ್ತದೆ, ಹಾವು ಕಚ್ಚಿದರೆ ಹಸುವೇ ಹೋಗುತ್ತದೆ. ಸಾಲ ತಂದು ಕಟ್ಟಿದ ಹಸು ಸತ್ತರೂ ಸಾಲ ಸಾಯುವುದಿಲ್ಲ. ಈ ಲೇಖನ ವಿಮೆ ಮಾಡಿಸಬೇಕೋ ಬೇಡವೋ ಎಂಬುದರ ಬಗ್ಗೆ ಅಲ್ಲ. ವರ್ಷ ವರ್ಷವೂ ಒಬ್ಬರೇ ಏಜೆಂಟರ ಕೈಯಲ್ಲಿ ನಂಬಿ ಕಂತು ಕಟ್ಟುತ್ತ ಬಂದವರಿಗೆ, ಅದೇ ರಕ್ಷಣೆ ಈಗ ಕಡಿಮೆ ಹಣಕ್ಕೆ ಸಿಗುತ್ತಿದೆ ಎಂಬುದನ್ನು ಆ ಏಜೆಂಟರು ಬಾಯಿಬಿಟ್ಟು ಹೇಳಬೇಕೋ ಬೇಡವೋ ಎಂಬುದರ ಬಗ್ಗೆ. ಹೇಳಬೇಕು ಎಂಬುದು ನಮ್ಮ ಅಭಿಪ್ರಾಯ. ಆದರೆ ಕಾಯಿದೆ ಇದನ್ನು ನಾವು ಅಂದುಕೊಂಡಷ್ಟು ಗಟ್ಟಿಯಾಗಿ ಬರೆದಿಲ್ಲ. ಹಾಗಾಗಿ ವಿಷಯವನ್ನು ಸ್ವಲ್ಪ ಬಿಡಿಸಿ ನೋಡಬೇಕಾಗಿದೆ.

ಹಸುವಿನ ಲೆಕ್ಕ

ನಮಗೆ ಹತ್ತಿರದ ಉದಾಹರಣೆ ಹಸುವೇ. ರಾಷ್ಟ್ರೀಯ ಜಾನುವಾರು ಮಿಷನ್ ಎಂಬ ಕೇಂದ್ರದ ಯೋಜನೆಯಡಿ ಜಾನುವಾರು ವಿಮೆಗೆ ಸಹಾಯಧನವಿದೆ. ಮೊದಲು ರೈತರು ತಮ್ಮ ವರ್ಗ ಮತ್ತು ಪ್ರದೇಶಕ್ಕೆ ತಕ್ಕಂತೆ ಕಂತಿನ ಶೇ. 20ರಿಂದ ಶೇ. 50ರವರೆಗೆ ಕಟ್ಟಬೇಕಿತ್ತು. 2024ರ ಫೆಬ್ರುವರಿಯಲ್ಲಿ ಕೇಂದ್ರ ಸಚಿವ ಸಂಪುಟ ಅದನ್ನು ಎಲ್ಲರಿಗೂ ಶೇ. 15ಕ್ಕೆ ಇಳಿಸಿತು. ಉಳಿದ ಶೇ. 85ನ್ನು ಕೇಂದ್ರ ಮತ್ತು ರಾಜ್ಯ ಸರ್ಕಾರಗಳು 60:40ರ ಪ್ರಮಾಣದಲ್ಲಿ ಹಂಚಿಕೊಳ್ಳುತ್ತವೆ.

ಲೆಕ್ಕಕ್ಕೆಂದು ಒಂದು ಮಿಶ್ರತಳಿ ಹಸುವಿನ ಬೆಲೆ 60,000 ರೂ. ಎಂದೂ ಕಂತಿನ ದರ ನೂರಕ್ಕೆ 4 ರೂ. ಎಂದೂ ಇಟ್ಟುಕೊಳ್ಳಿ. ಪೂರ್ತಿ ಕಂತು 2,400 ರೂ. ಸಹಾಯಧನದ ಯೋಜನೆಯಲ್ಲಿ ನಿಮ್ಮ ಪಾಲು 360 ರೂ. ಉಳಿಯುವುದು 2,040 ರೂ. ಎರಡು ಹಸುವಿದ್ದರೆ 4,080. ಒಂದೆರಡು ಚೀಲ ಪಶು ಆಹಾರದ ಹಣಕ್ಕಿಂತ ಹೆಚ್ಚೇ ಆಯಿತು. ಹಸು ಅದೇ, ಕಿವಿಯ ಓಲೆ ಅದೇ. ಸತ್ತರೆ ಬರುವ ಹಣದಲ್ಲೂ ದೊಡ್ಡ ವ್ಯತ್ಯಾಸವಿಲ್ಲ.

ಇದರ ಜೊತೆಗೆ ಹಲವು ಹಾಲು ಒಕ್ಕೂಟಗಳು ತಮ್ಮ ಪಾಲನ್ನೂ ಸೇರಿಸಿ ಸದಸ್ಯರ ರಾಸುಗಳಿಗೆ ಗುಂಪು ವಿಮೆ ಮಾಡಿಸುತ್ತವೆ. ಅನುದಾನ ಯಾವಾಗ ಬರುತ್ತದೆ, ಓಲೆ ಹಾಕಲು ಯಾವ ದಿನ ಬರುತ್ತಾರೆ ಎಂಬುದು ತಾಲ್ಲೂಕಿನಿಂದ ತಾಲ್ಲೂಕಿಗೆ ಬೇರೆ. ಪಶು ಆಸ್ಪತ್ರೆಯಲ್ಲಿ ಅಥವಾ ನಿಮ್ಮ ಸಂಘದ ಕಾರ್ಯದರ್ಶಿಯವರಲ್ಲಿ ವಿಚಾರಿಸಿದರೆ ತಿಳಿಯುತ್ತದೆ. ತೊಂದರೆ ಇರುವುದು ವಿಚಾರಿಸದೇ ಇರುವವರ ವಿಷಯದಲ್ಲಿ. ಮೂರು ವರ್ಷದ ಹಿಂದೆ ಬ್ಯಾಂಕ್ ಸಾಲದ ಜೊತೆಗೆ ಪೂರ್ತಿ ಕಂತಿನ ಪಾಲಿಸಿ ಮಾಡಿಸಿಕೊಂಡವರು, ಆಮೇಲೆ ಪ್ರತಿ ವರ್ಷ ಏಜೆಂಟರ ಫೋನು ಬಂದ ಕೂಡಲೇ ಅದನ್ನೇ ನವೀಕರಿಸುತ್ತ ಬಂದಿರುತ್ತಾರೆ. "ಅಕ್ಕಾ, ರಿನೀವಲ್ ಬಂತು, ಎರಡು ಸಾವಿರದ ನಾನೂರು ರೆಡಿ ಮಾಡಿಡಿ" ಎಂಬ ಫೋನು ತಪ್ಪದೆ ಬರುತ್ತದೆ. "ಅಕ್ಕಾ, ಈ ಸಲ ಸಹಾಯಧನದ ವಿಮೆ ಬಂದಿದೆ, ಒಮ್ಮೆ ಡೈರಿಯಲ್ಲಿ ಕೇಳಿ ನೋಡಿ" ಎಂಬ ಫೋನು ಬಂದದ್ದು ಎಷ್ಟು ಜನರಿಗೆ?

ಕಂತು ಕಡಿಮೆ ಮಾಡಲು ಯೋಜನೆಯೇ ಬೇಕೆಂದಿಲ್ಲ, ಅದೇ ಕಂಪನಿಯ ಅದೇ ಪಾಲಿಸಿಯಲ್ಲೂ ದಾರಿ ಇರುತ್ತದೆ. ಸಾಮಾನ್ಯ ಜಾನುವಾರು ಪಾಲಿಸಿಗಳಲ್ಲಿ ಪರಿಹಾರ ಕೊಡುವಾಗ ವಿಮೆ ಮಾಡಿಸಿದ ಮೊತ್ತ ಮತ್ತು ರಾಸು ಕಾಯಿಲೆ ಬೀಳುವ ಮೊದಲು ಇದ್ದ ಮಾರುಕಟ್ಟೆ ಬೆಲೆ, ಇವೆರಡರಲ್ಲಿ ಕಡಿಮೆ ಯಾವುದೋ ಅದನ್ನು ಹಿಡಿಯುತ್ತಾರೆ. ಎರಡನೇ ಸೂಲಿನಲ್ಲಿ 70,000 ಬಾಳುತ್ತಿದ್ದ ಹಸು ಆರನೇ ಸೂಲಿಗೆ 40,000ಕ್ಕೆ ಇಳಿದಿರುತ್ತದೆ. ಆದರೆ ನವೀಕರಣ ಮಾತ್ರ 70,000ಕ್ಕೇ ನಡೆಯುತ್ತಿರುತ್ತದೆ. ಕಂತು ಎಪ್ಪತ್ತಕ್ಕೆ, ಪರಿಹಾರ ನಲವತ್ತಕ್ಕೆ. ನವೀಕರಣದ ಹೊತ್ತಿಗೆ ಪಶುವೈದ್ಯರಿಂದ ಬೆಲೆ ಹೊಸದಾಗಿ ಬರೆಸಿದರೆ ಕಂತು ತಾನಾಗಿ ಇಳಿಯುತ್ತದೆ. ಮೂರು ವರ್ಷದ ಪಾಲಿಸಿಯ ದರ ಕೂಡ ಒಂದು ವರ್ಷದ ದರದ ಮೂರು ಪಟ್ಟಿಗಿಂತ ಸಾಮಾನ್ಯವಾಗಿ ಕಡಿಮೆಯೇ. ಇವೆರಡೂ ಏಜೆಂಟರಿಗೆ ಚೆನ್ನಾಗಿ ಗೊತ್ತಿರುವ ಸಂಗತಿಗಳು. ಹೇಳಿದರೆ ಅವರ ಗ್ರಾಹಕರು ಬೇರೆ ಕಂಪನಿಗೆ ಹೋಗುವುದೂ ಇಲ್ಲ.

ಕಾನೂನು ಬರೆದಿರುವುದು ಮತ್ತು ಬರೆಯದೆ ಬಿಟ್ಟಿರುವುದು

ದೇಶದ ವಿಮಾ ವ್ಯವಹಾರವನ್ನೆಲ್ಲ ನೋಡಿಕೊಳ್ಳುವ ಸಂಸ್ಥೆ ಐ.ಆರ್.ಡಿ.ಎ.ಐ., ಅಂದರೆ ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ. ಅದು 2016ರಲ್ಲಿ ಹೊರಡಿಸಿದ ಏಜೆಂಟರ ನೇಮಕಾತಿ ನಿಯಮಗಳಲ್ಲಿ ಏಜೆಂಟರ ನಡವಳಿಕೆಯ ಕಟ್ಟಳೆ ಇದೆ. ಏಜೆಂಟರು ತಮ್ಮ ಗುರುತಿನ ಚೀಟಿ ತೋರಿಸಬೇಕು. ತಮ್ಮ ಕಂಪನಿಯ ಪಾಲಿಸಿಗಳ ಮಾಹಿತಿ ಕೊಡಬೇಕು, ಪಾಲಿಸಿ ಸೂಚಿಸುವಾಗ ಎದುರಿಗಿರುವವರ ಅಗತ್ಯ ಏನೆಂದು ನೋಡಬೇಕು. ಕಂತು ಎಷ್ಟೆಂದು ಹೇಳಬೇಕು. ಕೇಳಿದರೆ ತಮಗೆ ಸಿಗುವ ಕಮಿಷನ್ ಎಷ್ಟು ಎಂಬುದನ್ನೂ ಹೇಳಬೇಕು. ಈ ಕೊನೆಯದನ್ನು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಬರುವುದಿಲ್ಲ, ಯಾಕೆಂದರೆ ಏಜೆಂಟರು ಬಹುಪಾಲು ನೆಂಟರೋ ನೆರೆಯವರೋ ಆಗಿರುತ್ತಾರೆ.

ಈ ಮಾತುಗಳಲ್ಲಿ ಹೆಚ್ಚಿನವು ಪಾಲಿಸಿ ಕೊಳ್ಳಲಿರುವವರನ್ನು ಕುರಿತವು ಎಂಬುದನ್ನು ಗಮನಿಸಿ. ಈಗಾಗಲೇ ಕೊಂಡವರ ವಿಷಯಕ್ಕೆ ಬಂದಾಗ ನಿಯಮಗಳು ಬೇರೆ ಕೆಲಸಗಳನ್ನು ಹೇಳುತ್ತವೆ: ಕಂತಿನ ದಿನವನ್ನು ನೆನಪಿಸಬೇಕು, ನಾಮಿನಿ ಹೆಸರು ಬರೆಸಬೇಕು, ಪರಿಹಾರದ ಅರ್ಜಿಗೆ ಸಹಾಯ ಮಾಡಬೇಕು. ಹಳೆಯ ಪಾಲಿಸಿಯನ್ನು ಬಿಡಿಸಿ, ಮೂರು ವರ್ಷದೊಳಗೆ ತಮ್ಮಿಂದಲೇ ಹೊಸದನ್ನು ಮಾಡಿಸುವಂತೆ ಒತ್ತಾಯ ಮಾಡಬಾರದು ಎಂದೂ ಇದೆ. ಇದು ಒಳ್ಳೆಯ ನಿಯಮವೇ. ಹೊಸ ಪಾಲಿಸಿಯ ಮೊದಲ ವರ್ಷದಲ್ಲಿ ಕಮಿಷನ್ ಹೆಚ್ಚು ಸಿಗುವ ಜೀವವಿಮೆಯಲ್ಲಿ, ಇದ್ದದ್ದನ್ನು ಕೆಡವಿ ಹೊಸದನ್ನು ಕಟ್ಟಿಸುವ ಆಸೆ ಯಾರಿಗಾದರೂ ಹುಟ್ಟಬಹುದು. ಆದರೆ "ನಿಮ್ಮ ಹಳೆಯ ಪಾಲಿಸಿಗಿಂತ ಕಡಿಮೆ ಕಂತಿನದು ಬಂದಿದೆ ಎಂದು ತಾವಾಗಿ ತಿಳಿಸಬೇಕು" ಎಂಬಷ್ಟು ನೇರವಾದ ಮಾತು ಈ ಕಟ್ಟಳೆಯಲ್ಲಿಲ್ಲ. ಹೊಸ ಗಿರಾಕಿಗೆ ಹೇಳಬೇಕಾದ್ದನ್ನು ಹತ್ತು ವರ್ಷದ ಗಿರಾಕಿಗೂ ಹೇಳಬೇಕೇ ಎಂಬುದು ಏಜೆಂಟರ ಮನಸ್ಸಾಕ್ಷಿಗೆ ಬಿಟ್ಟ ಹಾಗಾಗಿದೆ.

ಇನ್ನೊಂದು ಸಂಗತಿಯನ್ನೂ ತಿಳಿದಿರಬೇಕು. ಏಜೆಂಟ್ ಎಂದರೆ ಕಂಪನಿಯ ಪ್ರತಿನಿಧಿ. ಒಬ್ಬ ಸಾಮಾನ್ಯ ಏಜೆಂಟರು ಒಂದು ಜೀವವಿಮಾ ಕಂಪನಿ, ಒಂದು ಸಾಮಾನ್ಯ ವಿಮಾ ಕಂಪನಿ, ಒಂದು ಆರೋಗ್ಯ ವಿಮಾ ಕಂಪನಿಗೆ ಕೆಲಸ ಮಾಡಬಹುದು. ಒಂದೇ ಬಗೆಯ ಎರಡು ಕಂಪನಿಗಳ ಪಾಲಿಸಿ ಮಾರುವಂತಿಲ್ಲ. ಪಕ್ಕದ ಕಂಪನಿಯ ಎಲ್ಲ ದರಗಳೂ ಅವರಿಗೆ ಗೊತ್ತಿರಬೇಕೆಂದು ನಿರೀಕ್ಷಿಸುವುದು ನ್ಯಾಯವಲ್ಲ. ಬ್ರೋಕರ್ ಎಂಬುವವರು ಬೇರೆ. ಅವರು ಗ್ರಾಹಕರ ಪರವಾಗಿ ಹಲವು ಕಂಪನಿಗಳ ಪಾಲಿಸಿ ಹೋಲಿಸಿ ಕೊಡಬೇಕಾದವರು. ಹಳ್ಳಿಗಳಲ್ಲಿ ಬ್ರೋಕರರು ಕಾಣಸಿಗುವುದು ಅಪರೂಪ, ಹಾಗಾಗಿ ನಮಗೆ ವಿಮೆ ಎಂದರೆ ಏಜೆಂಟರೇ.

ಏನೇ ಇರಲಿ, ವಿಮೆಯ ಬುನಾದಿಯಲ್ಲೇ ಒಂದು ತತ್ವವಿದೆ. ಅದನ್ನು ಪರಮ ವಿಶ್ವಾಸ ಎನ್ನುತ್ತಾರೆ. ಹಸುವಿಗೆ ಮೊದಲೇ ಕಾಯಿಲೆ ಇದ್ದದ್ದನ್ನು ಮುಚ್ಚಿಟ್ಟು ವಿಮೆ ಮಾಡಿಸಿದರೆ ಕಂಪನಿ ಪರಿಹಾರ ಕೊಡದೇ ಇರಬಹುದು, ಮತ್ತು ಅದು ಸರಿಯೇ. ಆದರೆ ಈ ವಿಶ್ವಾಸ ಒಂದೇ ಕಡೆಯದ್ದಲ್ಲ. 1766ರಷ್ಟು ಹಿಂದೆಯೇ ಇಂಗ್ಲೆಂಡಿನ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಒಂದು ತೀರ್ಪಿನಲ್ಲಿ, ವಿಮೆ ಮಾಡಿಸುವವರು ಮಾತ್ರವಲ್ಲ, ವಿಮೆ ಕೊಡುವವರೂ ತಮಗೆ ಗೊತ್ತಿರುವುದನ್ನು ಮುಚ್ಚಿಡಬಾರದು ಎಂದಿದ್ದರು. ಆ ಮೊಕದ್ದಮೆ ಕಡಿಮೆ ಕಂತಿನ ಬಗ್ಗೆ ಇರಲಿಲ್ಲ, ನಿಜ. ಆದರೂ ಹಸುವಿನ ಕೆಮ್ಮನ್ನು ಮುಚ್ಚಿಡುವುದು ನಮ್ಮ ತಪ್ಪಾದರೆ, ಅರ್ಧ ಕಂತಿನ ಪಾಲಿಸಿಯನ್ನು ಮುಚ್ಚಿಡುವುದು ಯಾರ ತಪ್ಪು?

ಇಂಗ್ಲೆಂಡಿನ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಬ್ರಿಟನ್ನಿನಲ್ಲಿ ಮನೆ ಮತ್ತು ವಾಹನ ವಿಮೆಯಲ್ಲಿ ಹೊಸಬರಿಗೆ ಕಡಿಮೆ ದರ ಕೊಟ್ಟು, ಬಿಟ್ಟುಹೋಗದ ಹಳಬರಿಗೆ ವರ್ಷ ವರ್ಷ ದರ ಏರಿಸುವ ಚಾಳಿ ಬೆಳೆದಿತ್ತು. ನಂಬಿ ಉಳಿದವರೇ ಹೆಚ್ಚು ತೆರುತ್ತಿದ್ದರು. ಅಲ್ಲಿನ ನಿಯಂತ್ರಕ ಸಂಸ್ಥೆ 2022ರ ಜನವರಿ 1ರಿಂದ ಇದನ್ನು ನಿಷೇಧಿಸಿತು. ನವೀಕರಣಕ್ಕೆ ಬಂದ ಹಳೆಯ ಗ್ರಾಹಕರಿಗೆ, ಹೊಸಬರಿಗೆ ಹೇಳುವ ದರಕ್ಕಿಂತ ಹೆಚ್ಚು ಹೇಳುವಂತಿಲ್ಲ. ನವೀಕರಣದ ಪತ್ರದಲ್ಲಿ ಹೋದ ವರ್ಷದ ಕಂತು ಎಷ್ಟಿತ್ತು ಎಂಬುದನ್ನೂ ಮುದ್ರಿಸಬೇಕು. ಏಜೆಂಟರ ಒಳ್ಳೆಯತನದ ಮೇಲೆ ಎಲ್ಲವನ್ನೂ ಬಿಡುವುದಕ್ಕಿಂತ ಇದು ಮೇಲು.

ಏಜೆಂಟರ ಮಾತನ್ನೂ ಕೇಳೋಣ

ಒಳ್ಳೆಯ ಏಜೆಂಟರು ಬೇಕಾದಷ್ಟು ಜನ ಇದ್ದಾರೆ. ಹಸು ಸತ್ತ ದಿನ ಮಳೆಯಲ್ಲೇ ಬಂದು ಫೋಟೊ ತೆಗೆದು, ಮರಣೋತ್ತರ ಪರೀಕ್ಷೆಗೆ ವೈದ್ಯರನ್ನು ಕರೆಸಿ, ಓಲೆಯನ್ನು ಜೋಪಾನ ಮಾಡಿಸಿ, ಕಚೇರಿಗೆ ಅಲೆದು ಪರಿಹಾರ ಕೊಡಿಸಿದವರಿದ್ದಾರೆ. ಅಂಥವರಿಗೆ ಸಿಗುವ ಕಮಿಷನ್ ದುಡಿಮೆಯ ಹಣ. ಅದನ್ನು ಯಾರೂ ಕರುಬಬಾರದು.

ಅವರು ಹೇಳುವ ಒಂದು ಮಾತಿನಲ್ಲಿ ನ್ಯಾಯವೂ ಇದೆ. "ಕಡಿಮೆಯದು ಬಂದಿದೆ ಎಂದರೆ ಇದ್ದ ಪಾಲಿಸಿಯನ್ನು ಬಿಟ್ಟುಬಿಡುತ್ತಾರೆ, ಹೊಸದನ್ನು ಮಾಡಿಸಲು ತಿಂಗಳು ತಡಮಾಡುತ್ತಾರೆ, ನಡುವೆ ಹಸು ಸತ್ತರೆ ನನ್ನನ್ನೇ ಬೈಯುತ್ತಾರೆ" ಎಂದು ಅವರು ಹೇಳುತ್ತಾರೆ. ಹೀಗೆ ಆಗುವುದು ಉಂಟು. ಹೊಸ ಜಾನುವಾರು ಪಾಲಿಸಿಯಲ್ಲಿ ಸಾಮಾನ್ಯವಾಗಿ ಮೊದಲ 15 ದಿನ ಕಾಯಿಲೆಯಿಂದಾದ ಸಾವಿಗೆ ಪರಿಹಾರವಿಲ್ಲ. ಹಳೆಯದು ಮುಗಿದು, ಹೊಸದು ಶುರುವಾಗಿ, ಆ 15 ದಿನವೂ ಕಳೆಯುವವರೆಗೆ ಹಸುವಿಗೆ ರಕ್ಷಣೆಯೇ ಇಲ್ಲದ ಒಂದು ಖಾಲಿ ಜಾಗ ಬೀಳಬಹುದು. ಒಂದೇ ಹಸುವಿಗೆ ಎರಡು ಕಡೆ ವಿಮೆ ಮಾಡಿಸಿ ಈ ಜಾಗ ತುಂಬಿಸೋಣ ಎಂದರೆ, ಬೇರೆಡೆ ವಿಮೆಯಿರುವ ರಾಸನ್ನು ಸಹಾಯಧನದ ಯೋಜನೆಗೆ ಸೇರಿಸಿಕೊಳ್ಳುವುದಿಲ್ಲ.

ಆದರೆ ಈ ಕಾರಣಕ್ಕೆ ಸುಮ್ಮನಿರುವುದು ಪರಿಹಾರವಲ್ಲ. ತಿಳಿಸುವುದು ಬೇರೆ, ಬದಲಿಸುವಂತೆ ಒತ್ತುವುದು ಬೇರೆ. ಅವಧಿ ಮುಗಿಯುವ ಒಂದು ತಿಂಗಳ ಮೊದಲು "ಹೀಗೊಂದು ಯೋಜನೆ ಇದೆ, ನಿಮ್ಮ ಪಾಲು ಇಷ್ಟಾಗುತ್ತದೆ, ನಡುವೆ ಇಷ್ಟು ದಿನ ರಕ್ಷಣೆ ಇರುವುದಿಲ್ಲ, ಹಸು ಕರು ಹಾಕುವ ತಿಂಗಳಾದರೆ ಈ ವರ್ಷ ಬದಲಿಸಬೇಡಿ" ಎಂದು ಹೇಳಿದರೆ ಏಜೆಂಟರ ಕೆಲಸ ಮುಗಿಯಿತು. ತೀರ್ಮಾನ ಹಸುವಿನ ಒಡತಿಯದ್ದು. ಹಾಗೆ ಹೇಳಿದ ಏಜೆಂಟರು ಒಂದು ಹಸುವಿನ ಕಮಿಷನ್ ಕಳೆದುಕೊಳ್ಳಬಹುದು. ಆದರೆ ಆ ಬೀದಿಯ ಹತ್ತು ಮನೆಯವರು ಮೋಟಾರು ವಿಮೆಗೆ, ಜೀವವಿಮೆಗೆ ಅವರನ್ನೇ ಹುಡುಕಿಕೊಂಡು ಬರುತ್ತಾರೆ. ಹಳ್ಳಿಯಲ್ಲಿ ಹೆಸರು ಹರಡುವುದಕ್ಕೆ ಹೆಚ್ಚು ದಿನ ಬೇಕಿಲ್ಲ. ಕೆಟ್ಟ ಹೆಸರಂತೂ ಸಂಜೆ ಹಾಲು ಅಳೆಯುವಷ್ಟರಲ್ಲಿ ಊರು ಸುತ್ತಿ ಬಂದಿರುತ್ತದೆ.

ಕೆಲವರು ಇನ್ನೊಂದು ಅಡ್ಡದಾರಿ ಹಿಡಿಯುತ್ತಾರೆ. "ಬೇರೆ ಕಡೆ ಹೋಗಬೇಡಿ, ನನ್ನ ಕಮಿಷನ್‌ನಲ್ಲೇ ಸ್ವಲ್ಪ ವಾಪಸ್ ಕೊಡುತ್ತೇನೆ" ಎನ್ನುತ್ತಾರೆ. ವಿಮಾ ಕಾಯಿದೆಯ 41ನೇ ಕಲಮಿನ ಪ್ರಕಾರ ಹೀಗೆ ಕೊಡುವುದೂ ತಪ್ಪು, ತೆಗೆದುಕೊಳ್ಳುವುದೂ ತಪ್ಪು. ಅದಕ್ಕೆ ಒಪ್ಪಬೇಡಿ.

ಮನೆಯವರ ವಿಮೆಯಲ್ಲಿ

ಜೀವವಿಮೆಯಲ್ಲಿ ಹೋಲಿಕೆ ಹಸುವಿನಷ್ಟು ಸುಲಭವಲ್ಲ. ಪ್ರಧಾನಮಂತ್ರಿ ಜೀವನ ಜ್ಯೋತಿ ಬಿಮಾ ಯೋಜನೆಯಲ್ಲಿ ವರ್ಷಕ್ಕೆ 436 ರೂ. ಕಟ್ಟಿದರೆ 2 ಲಕ್ಷ ರೂ. ಜೀವರಕ್ಷೆ ಇದೆ. 18ರಿಂದ 50 ವರ್ಷದವರು ಸೇರಬಹುದು, ರಕ್ಷೆ 55ರವರೆಗೆ. ಸುರಕ್ಷಾ ಬಿಮಾ ಯೋಜನೆಯಲ್ಲಿ ಅಪಘಾತದ ಸಾವಿಗೆ 2 ಲಕ್ಷ, ಕಂತು ವರ್ಷಕ್ಕೆ 20 ರೂ., ವಯಸ್ಸು 18ರಿಂದ 70. ಇವೆರಡೂ ಬ್ಯಾಂಕ್ ಖಾತೆಯ ಮೂಲಕ ನಡೆಯುವಂಥವು. ಅವಧಿ ಜೂನ್ 1ರಿಂದ ಮೇ 31. ಮೇ ತಿಂಗಳ ಕೊನೆಯ ವಾರದಲ್ಲಿ ಖಾತೆಯಲ್ಲಿ ಹಣವಿಲ್ಲದಿದ್ದರೆ ಕಡಿತವಾಗದೆ ರಕ್ಷೆ ನಿಂತುಹೋಗುತ್ತದೆ. ಎರಡು ಬ್ಯಾಂಕಿನಲ್ಲಿ ಖಾತೆ ಇದ್ದು ಎರಡೂ ಕಡೆ ಕಡಿತವಾಗುತ್ತಿದ್ದರೆ ಒಂದನ್ನು ನಿಲ್ಲಿಸಿ, ಸಿಗುವುದು ಒಂದೇ 2 ಲಕ್ಷ.

ಮದುವೆಗೆಂದು, ಓದಿಗೆಂದು ಮಾಡಿಸಿದ ಬಾಂಡುಗಳು ಅವಧಿ ಮುಗಿದಾಗ ಹಣ ವಾಪಸ್ ಕೊಡುತ್ತವೆ, ಜೀವನ ಜ್ಯೋತಿ ಕೊಡುವುದಿಲ್ಲ. ಆದ್ದರಿಂದ 436 ರೂಪಾಯಿಯನ್ನು ನೋಡಿ ಹಳೆಯ ಬಾಂಡನ್ನು ಮುರಿಯಲು ಓಡಬೇಡಿ. ಮೊದಲ ಕೆಲವು ವರ್ಷಗಳಲ್ಲಿ ಬಾಂಡು ಮುರಿದರೆ ಕಟ್ಟಿದ ಹಣದಲ್ಲಿ ಗಣನೀಯ ಭಾಗ ಹೋಗುತ್ತದೆ. ಕಂತು ಕಟ್ಟಲು ನಿಜಕ್ಕೂ ಆಗುತ್ತಿಲ್ಲವೆಂದರೆ "ಪೇಯ್ಡ್ ಅಪ್" ಮಾಡಿಸಬಹುದೇ ಎಂದು ಕೇಳಿ. ಮುಂದೆ ಕಂತು ಕಟ್ಟದೆ, ಇಲ್ಲಿಯವರೆಗೆ ಕಟ್ಟಿದ್ದಕ್ಕೆ ತಕ್ಕಷ್ಟು ಮೊತ್ತಕ್ಕೆ ಪಾಲಿಸಿ ಉಳಿಯುತ್ತದೆ. ನಮ್ಮ ಆಕ್ಷೇಪ ಇರುವುದು ಬೇರೆ ಕಡೆ. "ಯಜಮಾನರಿಗೆ ಏನಾದರೂ ಆದರೆ ಮಕ್ಕಳಿಗೆ ಇರಲಿ" ಎಂದು ಬಂದವರಿಗೆ, ಇದ್ದ ಒಂದು ದುಬಾರಿ ಬಾಂಡಿನ ಮೇಲೆ ಇನ್ನೊಂದನ್ನು ಮಾಡಿಸಿ, ಅದೇ ಹಣಕ್ಕೆ ಹಲವು ಪಟ್ಟು ರಕ್ಷೆ ಕೊಡುವ ಟರ್ಮ್ ಪಾಲಿಸಿಯ ಹೆಸರನ್ನೇ ಎತ್ತದಿರುವುದು. ಟರ್ಮ್ ಪಾಲಿಸಿ ಎಂದರೆ ಅವಧಿಯೊಳಗೆ ಸಾವು ಸಂಭವಿಸಿದರೆ ಮಾತ್ರ ಹಣ ಕೊಡುವ, ಉಳಿತಾಯದ ಭಾಗವಿಲ್ಲದ ಪಾಲಿಸಿ. ಕಂತು ಕಡಿಮೆ, ಹಾಗಾಗಿ ಕಮಿಷನ್ ಮೊತ್ತವೂ ಕಡಿಮೆ.

ಆಸ್ಪತ್ರೆ ಖರ್ಚಿನ ವಿಷಯದಲ್ಲಿ ಸಹಕಾರ ಸಂಘದ ಸದಸ್ಯೆಯರಾಗಿ ನಿಮಗೊಂದು ಹೆಚ್ಚಿನ ಅನುಕೂಲವಿದೆ: ಯಶಸ್ವಿನಿ. 2003ರಲ್ಲಿ ಶುರುವಾಗಿ, 2018ರಲ್ಲಿ ಆರೋಗ್ಯ ಕರ್ನಾಟಕದೊಳಗೆ ಸೇರಿಹೋಗಿ, 2022-23ರಲ್ಲಿ ಮತ್ತೆ ಬಂದ ಯೋಜನೆ ಇದು. ಮತ್ತೆ ಆರಂಭವಾದಾಗ ಗ್ರಾಮೀಣ ಸಹಕಾರಿಗಳ ನಾಲ್ಕು ಜನರ ಕುಟುಂಬಕ್ಕೆ ವಾರ್ಷಿಕ ವಂತಿಗೆ 500 ರೂ., ಹೆಚ್ಚಿನ ಒಬ್ಬೊಬ್ಬರಿಗೆ 100 ರೂ., ಚಿಕಿತ್ಸೆಯ ಮಿತಿ ವರ್ಷಕ್ಕೆ 5 ಲಕ್ಷ ರೂ. ಎಂದು ನಿಗದಿಯಾಗಿತ್ತು. ಬಿ.ಪಿ.ಎಲ್. ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದಲ್ಲಿ ವಂತಿಗೆಯಿಲ್ಲದೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ಸಾವಿರಾರು ರೂಪಾಯಿಯ ಖಾಸಗಿ ಆರೋಗ್ಯ ಪಾಲಿಸಿ ಮಾರುವ ಏಜೆಂಟರು ಈ ಎರಡು ಹೆಸರು ಹೇಳದೆ ಮಾರಿದರೆ ಅದು ಸರಿಯಲ್ಲ. ಹಾಗೆಂದು ಇವು ಇವೆಯೆಂದು ಖಾಸಗಿ ಪಾಲಿಸಿ ದಂಡ ಎಂದೂ ಅಲ್ಲ. ಯಶಸ್ವಿನಿಯಲ್ಲಿ ಪಟ್ಟಿಯಲ್ಲಿರುವ ಚಿಕಿತ್ಸೆಗಳಿಗೆ, ನೋಂದಾಯಿತ ಆಸ್ಪತ್ರೆಗಳಲ್ಲಿ ಮಾತ್ರ ಅವಕಾಶ. ನಿಮ್ಮ ಹತ್ತಿರದ ಆಸ್ಪತ್ರೆ ಪಟ್ಟಿಯಲ್ಲಿದೆಯೇ ನೋಡಿಕೊಂಡು ತೀರ್ಮಾನಿಸಿ.

ಖಾಸಗಿ ಆರೋಗ್ಯ ಪಾಲಿಸಿಯನ್ನು ಬೇರೆ ಕಂಪನಿಗೆ ವರ್ಗಾಯಿಸಲು 2011ರಿಂದ ಅವಕಾಶವಿದೆ. ವರ್ಗಾಯಿಸಿದರೆ ಸಕ್ಕರೆ ಕಾಯಿಲೆ, ರಕ್ತದೊತ್ತಡದಂತಹ ಮೊದಲೇ ಇದ್ದ ಕಾಯಿಲೆಗಳಿಗೆ ನೀವು ಕಾದ ವರ್ಷಗಳು ಹೊಸ ಕಂಪನಿಯಲ್ಲೂ ಲೆಕ್ಕಕ್ಕೆ ಬರುತ್ತವೆ. ಹಳೆಯದನ್ನು ಬಿಟ್ಟು ಹೊಸದಾಗಿ ಮಾಡಿಸಿದರೆ ಮೊದಲಿನಿಂದ ಕಾಯಬೇಕು. "ವರ್ಗಾವಣೆ" ಮತ್ತು "ಹೊಸದು" ಎಂಬ ಎರಡು ಮಾತಿನ ನಡುವೆ ಮೂರು ವರ್ಷದ ವ್ಯತ್ಯಾಸ ಇರಬಹುದು. ಅರ್ಜಿಯನ್ನು ನವೀಕರಣಕ್ಕೆ ಒಂದೂವರೆ ತಿಂಗಳಿಗಿಂತ ಮೊದಲೇ ಕೊಡಿ.

ಇನ್ನು, 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಜೀವವಿಮೆ ಮತ್ತು ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲೆ ಜಿ.ಎಸ್.ಟಿ. ಇಲ್ಲ. ಕುಟುಂಬಕ್ಕೆಲ್ಲ ಸೇರಿಸಿ ಮಾಡಿಸಿದ ಆರೋಗ್ಯ ಪಾಲಿಸಿಗೂ ಇದು ಅನ್ವಯ. ಆರೋಗ್ಯ ಪಾಲಿಸಿಯಲ್ಲಿ ಮೊದಲು ಶೇ. 18 ಇತ್ತು. ಆ ದಿನದ ನಂತರ ನವೀಕರಿಸಿದ ರಸೀದಿಯಲ್ಲಿ ತೆರಿಗೆಯ ಸಾಲಿದೆಯೇ ಎಂದು ಓದು ಬಲ್ಲ ಮಕ್ಕಳಿಂದ ಓದಿಸಿ ನೋಡಿ.

ಮೊಪೆಡ್ಡಿನ ವಿಮೆಯಲ್ಲಿ ಥರ್ಡ್ ಪಾರ್ಟಿ ಭಾಗದ ದರವನ್ನು ಸರ್ಕಾರವೇ ಗೊತ್ತು ಮಾಡುತ್ತದೆ. 75ರಿಂದ 150 ಸಿ.ಸಿ.ಯ ದ್ವಿಚಕ್ರ ವಾಹನಕ್ಕೆ 2022ರಲ್ಲಿ ನಿಗದಿಯಾದದ್ದು ವರ್ಷಕ್ಕೆ 714 ರೂ. ಅದು ಎಲ್ಲ ಕಂಪನಿಗೂ ಒಂದೇ. ಗಾಡಿಯ ಸ್ವಂತ ಹಾನಿಯ ಭಾಗದಲ್ಲಿ ಮಾತ್ರ ವ್ಯತ್ಯಾಸ. ಒಂದು ವರ್ಷ ಪರಿಹಾರ ಕೇಳದಿದ್ದರೆ ಆ ಭಾಗದಲ್ಲಿ ಶೇ. 20 ರಿಯಾಯಿತಿ, ಐದು ವರ್ಷಕ್ಕೆ ಶೇ. 50. ಕಂಪನಿ ಬದಲಿಸಿದರೂ ಈ ರಿಯಾಯಿತಿ ನಿಮ್ಮ ಜೊತೆಗೇ ಬರುತ್ತದೆ.

ಏಜೆಂಟ್ ಈಗ ನಮ್ಮ ಮನೆಯ ಹೆಣ್ಣುಮಗಳೂ ಹೌದು

2024ರ ಡಿಸೆಂಬರ್ 9ರಂದು ಹರಿಯಾಣದ ಪಾಣಿಪತ್‌ನಲ್ಲಿ ಎಲ್.ಐ.ಸಿ.ಯ ಬಿಮಾ ಸಖಿ ಯೋಜನೆಗೆ ಚಾಲನೆ ಸಿಕ್ಕಿತು. ಹತ್ತನೇ ತರಗತಿ ಪಾಸಾದ 18ರಿಂದ 70 ವರ್ಷದ ಮಹಿಳೆಯರಿಗೆ ತರಬೇತಿ ಕೊಟ್ಟು ಏಜೆಂಟರನ್ನಾಗಿ ಮಾಡುವ ಯೋಜನೆ ಇದು. ಮೊದಲ ವರ್ಷ ತಿಂಗಳಿಗೆ 7,000, ಎರಡನೇ ವರ್ಷ 6,000, ಮೂರನೇ ವರ್ಷ 5,000 ರೂ. ಪ್ರೋತ್ಸಾಹಧನ, ಅದರ ಮೇಲೆ ಕಮಿಷನ್. ಹಳ್ಳಿಯ ಹೆಣ್ಣುಮಕ್ಕಳಿಗೆ ಮನೆ ಬಿಡದೆ ಮಾಡಬಹುದಾದ ಗೌರವದ ಕೆಲಸ ಇದು. ಈ ಪತ್ರಿಕೆ ಓದುವವರಲ್ಲಿ, ಅವರ ಸೊಸೆ-ಮಗಳಂದಿರಲ್ಲಿ ಈ ಕೆಲಸ ಹಿಡಿಯುವವರು ಇರುತ್ತಾರೆ. ಹಾಗಾದಾಗ ಈವರೆಗೆ ಕೇಳುವವರ ಜಾಗದಲ್ಲಿದ್ದವರು ಹೇಳಬೇಕಾದವರ ಜಾಗಕ್ಕೆ ಬರುತ್ತಾರೆ.

ಅಲ್ಲಿ ಒತ್ತಡ ಇದ್ದೇ ಇರುತ್ತದೆ. ಇಷ್ಟು ಪಾಲಿಸಿ ಮಾಡಿಸಬೇಕೆಂಬ ಗುರಿ ಇರುತ್ತದೆ, ಗುರಿ ಮುಟ್ಟಲು ಮೊದಲು ಹೋಗುವುದು ಸ್ತ್ರೀಶಕ್ತಿ ಗುಂಪಿನ ಗೆಳತಿಯರ ಮನೆಗೆ. "ಗಿರಿಜಕ್ಕನ ಮಗಳು ಬಂದಿದ್ದಾಳೆ, ಇಲ್ಲ ಅನ್ನೋಕಾಗುತ್ತಾ" ಎಂದು ಸಹಿ ಹಾಕುತ್ತಾರೆ. ಮುಖ ನೋಡಿ ಸಹಿ ಹಾಕಿದವರ ಬಗ್ಗೆ ಹೊಣೆ ಹೆಚ್ಚು. ಅಂಗಡಿಯಲ್ಲಿ ಕೊಂಡವರು ನಾಲ್ಕು ಕಡೆ ವಿಚಾರಿಸಿರುತ್ತಾರೆ, ನಿಮ್ಮನ್ನು ನೋಡಿ ಕೊಂಡವರು ಎಲ್ಲೂ ವಿಚಾರಿಸಿರುವುದಿಲ್ಲ. ಅವರ ಪರವಾಗಿ ವಿಚಾರಿಸುವ ಕೆಲಸವೂ ನಿಮ್ಮ ಮೇಲೇ ಬಿದ್ದಿದೆ. ಬಿಮಾ ಸಖಿಯಾದವರಿಗೆ ನಮ್ಮ ಸಲಹೆ ಇಷ್ಟು: ಒಂದು ನೋಟ್‌ಬುಕ್ಕಿನಲ್ಲಿ ನಿಮ್ಮ ಎಲ್ಲ ಗ್ರಾಹಕರ ಹೆಸರು, ಪಾಲಿಸಿ, ಕಂತಿನ ತಿಂಗಳು ಬರೆದಿಡಿ. ಕಂಪನಿ ಹೊಸ ಪಾಲಿಸಿ ತಂದಾಗ, ಸರ್ಕಾರದ ಯೋಜನೆ ಬಂದಾಗ ಆ ಪಟ್ಟಿಯನ್ನು ತೆಗೆದು ಯಾರಿಗೆ ಇದು ಅನ್ವಯಿಸುತ್ತದೆ ಎಂದು ಗುರುತು ಹಾಕಿ, ಕಂತಿನ ದಿನ ನೆನಪಿಸಲು ಹೋದಾಗ ಅದನ್ನೂ ಹೇಳಿ. ನಷ್ಟದ ಲೆಕ್ಕವನ್ನೂ ಸೇರಿಸಿಯೇ ಹೇಳಿ.

ಕೇಳುವುದು ಹೇಗೆ

ಏಜೆಂಟರು ತಾವಾಗಿ ಹೇಳದಿದ್ದರೆ ನಾವು ಕೇಳಬಹುದು. ಕೇಳಿದ ಮೇಲೆ ಸುಳ್ಳು ಹೇಳಿದರೆ, ಮುಚ್ಚಿಟ್ಟರೆ ಅದು ದೂರಿಗೆ ಅರ್ಹವಾದ ತಪ್ಪಾಗುತ್ತದೆ. ನೆಂಟಸ್ತಿಕೆ ಕೆಡುತ್ತದೆ ಎಂಬ ಅಂಜಿಕೆ ಬೇಡ, ಎಲ್ಲರಿಗೂ ಕೇಳುವ ಪ್ರಶ್ನೆ ಎಂಬಂತೆ ಕೇಳಿ. "ಅಣ್ಣಾ, ಇದೇ ರಕ್ಷಣೆ ನಿಮ್ಮ ಕಂಪನಿಯಲ್ಲೇ ಕಡಿಮೆಗೆ ಬೇರೆ ಪಾಲಿಸಿಯಲ್ಲಿ ಇದೆಯಾ? ಸರ್ಕಾರದ್ದು, ಡೈರಿಯದ್ದು ಏನಾದರೂ ಬಂದಿದೆಯಾ? ಬದಲಾಯಿಸಿದರೆ ನನಗೆ ಏನು ಕಳೆದುಹೋಗುತ್ತದೆ?" ಮೂರನೆಯ ಪ್ರಶ್ನೆಯನ್ನು ಮರೆಯಬೇಡಿ. ಸಾಧ್ಯವಾದರೆ ಉತ್ತರವನ್ನು ವಾಟ್ಸಾಪಿನಲ್ಲಿ ಬರೆದು ಕಳಿಸಲು ಹೇಳಿ. ಬಾಯಿಮಾತು ಆಮೇಲೆ ಇಬ್ಬರಿಗೂ ಬೇರೆ ಬೇರೆಯಾಗಿ ನೆನಪಿರುತ್ತದೆ.

ಜೀವವಿಮೆ, ಆರೋಗ್ಯ ವಿಮೆಯ ಹೊಸ ಪಾಲಿಸಿ ಕೈಗೆ ಬಂದಮೇಲೆ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹಿಂದಿರುಗಿಸಬಹುದು. ಚಿಕ್ಕ ಮೊತ್ತದ ಖರ್ಚು ಮುರಿದುಕೊಂಡು ಹಣ ವಾಪಸ್ ಕೊಡುತ್ತಾರೆ. ಮೊದಲು ಇದು 15 ದಿನವಿತ್ತು. ಆದ್ದರಿಂದ ಬಾಂಡು ಬಂದ ದಿನವೇ ಅದನ್ನು ಟ್ರಂಕಿಗೆ ಹಾಕಬೇಡಿ, ಯಾರಿಂದಲಾದರೂ ಓದಿಸಿ.

ಏಜೆಂಟರು ಅಥವಾ ಕಂಪನಿಯವರು ತಪ್ಪು ಹೇಳಿ ಮಾಡಿಸಿದ್ದರೆ ಮೊದಲು ಕಂಪನಿಗೇ ಬರವಣಿಗೆಯಲ್ಲಿ ದೂರು ಕೊಡಿ, ದೂರಿನ ಪ್ರತಿ ಇಟ್ಟುಕೊಳ್ಳಿ. ಐ.ಆರ್.ಡಿ.ಎ.ಐ.ಯ ಉಚಿತ ದೂರವಾಣಿ 155255 ಅಥವಾ 1800 4254 732ಕ್ಕೂ ಹೇಳಬಹುದು. ಕಂಪನಿ 30 ದಿನದಲ್ಲಿ ಉತ್ತರಿಸದಿದ್ದರೆ, ಅಥವಾ ಉತ್ತರ ಒಪ್ಪಿಗೆಯಾಗದಿದ್ದರೆ ಒಂದು ವರ್ಷದೊಳಗೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು. ಪಾಲಿಸಿಯ ಪ್ರತಿ, ಕಂತಿನ ರಸೀದಿ, ಕಂಪನಿಗೆ ಬರೆದ ಪತ್ರ ಜೊತೆಗಿರಲಿ. ಅದಕ್ಕೆ ಶುಲ್ಕವಿಲ್ಲ, ವಕೀಲರನ್ನು ಇಡಬೇಕಾಗಿಯೂ ಇಲ್ಲ.